ನೇತ್ರಾಣಿಯೇ?

ಈ ವರ್ಷ ಸೀತೂರಿನ ನಮ್ಮ ತೋಟದಲ್ಲಿ ಕಾಳುಮೆಣಸಿನ ಕೊಯ್ಲು ಮುಗಿದ ಮೇಲೆ ನಾಲ್ಕು ದಿನ ಬಿಡುವು ಸಿಕ್ಕಿತು. ಗೆಳತಿಯರ ಜೊತೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುವುದೆಂದಾಯಿತು. ‘ಈಜು ಬಾರದವಳು ಸಮುದ್ರದೊಳಗೆ ಹೋಗಿ ಏನು ಮಾಡ್ತೀಯೆ?’ ಎಂದರು ಅಜ್ಜಿ. ‘ಓದಿಗೆ ಬೇಕು’ ಎಂದೆ. ಅದು ಪೂರ್ತಿ ಸುಳ್ಳಾಗಿರಲಿಲ್ಲ.

ಪಶ್ಚಿಮ ಕರಾವಳಿಯ ಹಳೆಯ ಬಂದರುಗಳ ಬಗೆಗಿನ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ವಾಕ್ಯವಿತ್ತು: ‘ಪ್ಲಿನಿ ಹೇಳುವ ನಿತ್ರಿಯಾಸ್ ನಮ್ಮ ನೇತ್ರಾಣಿಯೇ.’ ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಮುಜಿರಿಸ್ ಬಂದರಿನ ಸುತ್ತ ಕಡಲ್ಗಳ್ಳರ ಕಾಟವಿದೆ, ಅವರ ನೆಲೆ ನಿತ್ರಿಯಾಸ್ ಎಂದು ಬರೆಯುತ್ತಾನೆ. ನೇತ್ರಾಣಿಗೆ ನಿತ್ರಾನ್ ಎಂಬ ಹೆಸರೂ ಇತ್ತು. ನಮ್ಮೂರಿನಂಥ ಊರುಗಳ ಮೆಣಸನ್ನು ಹೊತ್ತ ಹಡಗುಗಳು, ಅವುಗಳಿಗೆ ಹೊಂಚು ಹಾಕುವ ಒಂದು ದ್ವೀಪ! ಈ ಚಿತ್ರ ನನಗೆ ಬಹಳ ಇಷ್ಟವಾಗಿತ್ತು.

ಮುರುಡೇಶ್ವರದಿಂದ ದ್ವೀಪಕ್ಕೆ ಸುಮಾರು 19 ಕಿ.ಮೀ. ಕುಡಿಯುವ ನೀರನ್ನೂ ದಡದಿಂದಲೇ ಒಯ್ದಿದ್ದೆವು. ಅಲ್ಲಿ ಯಾರ ವಾಸವೂ ಇಲ್ಲ. ಬ್ರಿಟಿಷರ ನಕಾಶೆಗಳಲ್ಲಿ ಇದು ಪಿಜನ್ ಐಲ್ಯಾಂಡ್. ನೌಕಾಪಡೆ ವರ್ಷಗಟ್ಟಲೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿತ್ತು. ಮೀನುಗಾರರಿಗೆ ಮಾತ್ರ ಇದು ಹರಕೆಯ ಜಾಗ. ಹರಕೆಯ ಆಡುಗಳನ್ನು ಇಲ್ಲಿ ಬಿಟ್ಟು ಹೋಗುವ ರೂಢಿಯಿದೆ. ದ್ವೀಪ ಹತ್ತಿರವಾದಾಗ ದೋಣಿಯವರು ಒಂದು ಕ್ಷಣ ಕೈಮುಗಿದರು. ನಾವು ಫೋಟೊ ತೆಗೆಯುತ್ತಿದ್ದೆವು.

ತರಬೇತುದಾರರ ಕೈ ಹಿಡಿದು ನೀರಿಗಿಳಿದೆ. ಕಿವಿ ಕಟ್ಟಿತು, ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಹವಳದ ಸಂದಿನಲ್ಲಿ ಹಳದಿ ಪಟ್ಟೆಯ ಮೀನುಗಳು ನನ್ನನ್ನು ಲೆಕ್ಕಕ್ಕೇ ಇಡದೆ ಓಡಾಡುತ್ತಿದ್ದವು. ಮೇಲೆ ಬಂದು ದೋಣಿಯ ಹಗ್ಗ ಹಿಡಿದು ತೇಲುತ್ತಾ ದ್ವೀಪವನ್ನು ನೋಡಿದೆ. ಕಂಡಷ್ಟೂ ಕಡಿದಾದ ಬಂಡೆ. ಹಡಗುಗಳನ್ನು ಎಳೆದು ನಿಲ್ಲಿಸುವಂಥ ಮರಳು ದಂಡೆ ನನ್ನ ಕಣ್ಣಿಗೆ ಬೀಳಲಿಲ್ಲ. ಕಳ್ಳರ ದಂಡು ಇಲ್ಲಿ ಎಲ್ಲಿ ನೆಲೆಸಿದ್ದೀತು?

ಒಂದು ಮಗ್ಗುಲು ನೋಡಿದ ಮಾತ್ರಕ್ಕೆ ಏನನ್ನೂ ತೀರ್ಮಾನಿಸಲಾಗದು. ಆದರೆ ಆ ಸಂಶಯ ನನ್ನನ್ನು ಮತ್ತೆ ಪುಸ್ತಕಗಳ ಹತ್ತಿರ ಕಳಿಸಿತು. ಮುಜಿರಿಸ್ ಕೇರಳದ ಕೊಡುಂಗಲ್ಲೂರಿನ ಆಸುಪಾಸಿನದೆಂದು ಒಪ್ಪುವುದಾದರೆ, ಅದು ನೇತ್ರಾಣಿಯಿಂದ 400 ಕಿ.ಮೀ.ಗೂ ದೂರ. ನಿತ್ರಿಯಾಸ್ ನೇತ್ರಾವತಿ ದಡದ ಮಂಗಳೂರು ಎನ್ನುವವರೂ ಇದ್ದಾರೆ. ಇನ್ನು ಅದೇ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ನಲ್ಲಿ ಒಂದು ‘ಬಿಳಿ ದ್ವೀಪ’ ಬರುತ್ತದೆ. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ವಿಲ್ಫ್ರೆಡ್ ಸ್ಕಾಫ್, ಅದು ಬಹುಶಃ ಪಿಜನ್ ಐಲ್ಯಾಂಡ್ ಎಂದರು. ಅಲ್ಲಿಯೂ ‘ಬಹುಶಃ’. ಆ ಪದವನ್ನು ದಾಟಿಕೊಂಡು ಹೋದವಳು ನಾನು. ಹೆಸರಿನ ಸದ್ದು ಒಂದೇ ಎನ್ನುವುದನ್ನು ಸಾಕ್ಷಿಯೆಂದು ನಂಬಿದ್ದೆ. ನಮ್ಮ ನೆಲಕ್ಕೆ ರೋಮಿನ ಪುಸ್ತಕದಲ್ಲೊಂದು ಜಾಗ ಬೇಕೆಂಬ ಆಸೆ ಉಳಿದ ಕೆಲಸ ಮಾಡಿತ್ತು.

ಆ ‘ಏ’ಕಾರವನ್ನು ಅಳಿಸಿದೆ. ‘ನೇತ್ರಾಣಿ ಇರಬಹುದು ಎಂಬ ವಾದವಿದೆ’ ಎಂದು ಬರೆದು, ಆ ವಾದದ ತೊಡಕುಗಳನ್ನೂ ಸೇರಿಸಿದೆ. ಅಧ್ಯಾಯದ ಮೆರುಗು ಸ್ವಲ್ಪ ಕಡಿಮೆಯಾಯಿತು. ಮೆಣಸಿನ ಕಥೆಗೆ ಮಾತ್ರ ಏನೂ ಆಗಲಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದದ್ದು ಇದೇ ಕರಾವಳಿಯಲ್ಲಿ. ಅದಕ್ಕೆ ನಿತ್ರಿಯಾಸಿನ ಹಂಗಿಲ್ಲ.