ಒಂದೇ ಭಂಡಾರ, ಹಲವು ಬಾಗಿಲು



ಯಲಬುರ್ಗಾದ ರೈತನೊಬ್ಬನಿಗೆ ಕಾಯಕವನ್ನು ಕುರಿತ ವಚನ ಬೇಕು. ಕುಷ್ಟಗಿಯ ವಿದ್ಯಾರ್ಥಿನಿಗೆ ಅಕ್ಕಮಹಾದೇವಿಯ ವಚನಗಳು ಬೇಕು. ಕೊಪ್ಪಳದ ಅಧ್ಯಾಪಕರಿಗೆ 'ಬಯಲು' ಎಂಬ ಶಬ್ದ ಎಲ್ಲೆಲ್ಲಿ ಬಂದಿದೆಯೆಂದು ತಿಳಿಯಬೇಕು. ಮೂವರೂ ಅರಸುವುದು ಒಂದೇ ಭಂಡಾರವನ್ನು. ಬರುವ ದಾರಿಗಳು ಮಾತ್ರ ಬೇರೆ. ಮೂವರಿಗೂ ಬಾಗಿಲು ತೆರೆಯುವ ಬಗೆ ಹೇಗೆ?

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯ ಎದುರು ದಡದ ವಿಜಯನಗರದಲ್ಲಿ, 15ನೆಯ ಶತಮಾನದ ಪ್ರೌಢದೇವರಾಯನ ಕಾಲಕ್ಕೆ, ಚದುರಿದ್ದ ವಚನಗಳನ್ನು ಕೂಡಿಸುವ ಮಹತ್ಕಾರ್ಯ ನಡೆಯಿತು. ಮಹಾಲಿಂಗದೇವರು, ಜಕ್ಕಣಾರ್ಯರು ಮೊದಲಾದವರ ಪರಂಪರೆಯು ಷಟ್‌ಸ್ಥಲವನ್ನು 101 ಸ್ಥಲಗಳಾಗಿ ವಿಸ್ತರಿಸಿತು. ಸಾಧಕನು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಮೆಟ್ಟಿಲೇರುವಂತೆ ವಚನಗಳು ಸ್ಥಲಾನುಕ್ರಮದಲ್ಲಿ ನಿಂತವು. ಆದರೆ ಓಲೆಗರಿಯ ಕಟ್ಟಿನಲ್ಲಿ ಒಂದು ಗರಿಗೆ ಒಂದೇ ಸ್ಥಾನ. ಸ್ಥಲವನ್ನು ಹಿಡಿದರೆ ಒಬ್ಬ ಶರಣರ ವಚನಗಳು ಚದುರುತ್ತವೆ. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದಂತೆ ವಚನಕಾರರನ್ನು ಹಿಡಿದರೆ ವಿಷಯ ಚದುರುತ್ತದೆ.

ಈ ತೊಡಕನ್ನು ಶಾಸ್ತ್ರೀಯವಾಗಿ ಬಿಡಿಸಿದವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು; 1933ರಲ್ಲಿ 'ಕೋಲನ್ ವರ್ಗೀಕರಣ'ವನ್ನು ಪ್ರಕಟಿಸಿದರು. ಮುಂದೆ ಅದನ್ನು ಬೆಳೆಸುತ್ತ, ಯಾವ ವಿಷಯವನ್ನಾದರೂ ಮುಖ್ಯವಸ್ತು, ದ್ರವ್ಯ, ಕ್ರಿಯೆ, ದೇಶ, ಕಾಲ ಎಂಬ ಐದು ಮುಖಗಳಿಂದ ನೋಡಬಹುದೆಂದು ತೋರಿಸಿದರು. ಗಂಗಾವತಿಯ ಭತ್ತಕ್ಕೆ 1980ರ ದಶಕದಲ್ಲಿ ಮಾಡಿದ ರೋಗನಿವಾರಣೆಯನ್ನು ಕುರಿತು ಒಂದು ಗ್ರಂಥವಿದೆಯೆಂದುಕೊಳ್ಳಿ. ಭತ್ತ ಮುಖ್ಯವಸ್ತು, ನಿವಾರಣೆ ಕ್ರಿಯೆ, ಗಂಗಾವತಿ ದೇಶ, ಆ ದಶಕ ಕಾಲ. 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಯ ಸಂಶೋಧನೆ ಹಾಗೂ ತರಬೇತಿಗೆ ಕೇಂದ್ರವೊಂದನ್ನು ಕಟ್ಟಿದ ರಂಗನಾಥನ್ ಅವರು 1972ರಲ್ಲಿ ಅದೇ ನಗರದಲ್ಲಿ ನಿಧನರಾದರು.

ಜಾಲತಾಣಗಳ ಮಾಹಿತಿ ವಿನ್ಯಾಸವನ್ನು ಕುರಿತು 1998ರಲ್ಲಿ ಪ್ರಸಿದ್ಧ ಗ್ರಂಥ ಬರೆದ ಲೂಯಿ ರೋಸೆನ್‌ಫೆಲ್ಡ್, ಪೀಟರ್ ಮಾರ್ವಿಲ್ ಇಬ್ಬರೂ ಗ್ರಂಥಾಲಯ ವಿಜ್ಞಾನವನ್ನೇ ಓದಿದವರೆಂಬುದು ಗಮನಾರ್ಹ. ಜಾಲತಾಣದಲ್ಲಿ ಗರಿ ಕದಲುವುದಿಲ್ಲ. ಒಂದೇ ವಚನವು ಸ್ಥಲದಿಂದಲೂ, ಶರಣರ ಹೆಸರಿನಿಂದಲೂ, ಅಂಕಿತದಿಂದಲೂ, ಶಬ್ದದಿಂದಲೂ ದೊರೆಯಬಲ್ಲದು.

ಆದರೆ ಯಾವಾಗ? ಯಾರಾದರೂ ಓದಿ ಗುರುತಿಸಿದಾಗ. ಓಲೆಗರಿಗಳ ಚಿತ್ರ ತೆಗೆದು ಜಾಲತಾಣಕ್ಕೇರಿಸಿದರೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಹೆಸರು, ಸ್ಥಲ, ಅಂಕಿತಗಳನ್ನು ಗುರುತಿಸದ ಚಿತ್ರವು ಅಟ್ಟದ ಮೇಲೆ ಬಿಚ್ಚದೆ ಉಳಿದ ಗಂಟಿಗೆ ಸಮಾನ. ಹಳೆಯ ಲಿಪಿಯನ್ನು ಓದಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಯಂತ್ರವನ್ನು ಬಲ್ಲ ತರುಣರೂ ಇದ್ದಾರೆ. ಇವರಿಬ್ಬರೂ ಒಂದೆಡೆ ಕುಳಿತರೆ ಭಂಡಾರದ ಬಾಗಿಲುಗಳು ತೆರೆಯುತ್ತವೆ. ಬಂದವರ ಹಸಿವನ್ನರಿತು ಬಡಿಸುವುದು ದಾಸೋಹ. ಅರಸಿ ಬಂದವರಿಗೆ ಬೇಕಾದ ವಚನ ಕೈಗೆಟುಕುವಂತೆ ಇರಿಸುವುದು ಜ್ಞಾನದಾಸೋಹ. ಅದಕ್ಕೆ ನೀವೂ ಕೈಜೋಡಿಸಿರಿ.