ಉಸುಕಿನ್ಯಾಗ ತಿದ್ದಿದ ಅಕ್ಷರ

"ಎರಡನೇತ್ತಾ ಮುಗೀಲಿಕ್ಕೆ ಬಂತು, ಇನ್ನೂ ಒತ್ತಕ್ಷರ ಬಂದ್ರ ಹುಡುಗ ತಡವರಸ್ತಾನ, ಏನ್ ಮಾಡಬೇಕ್ರೀ?" ನಮ್ಮ ಓಣ್ಯಾಗ ತಾಯಂದಿರು ಮ್ಯಾಲಿಂದ ಮ್ಯಾಲೆ ಕೇಳೂ ಮಾತಿದು. ಇದಕ್ಕ ಉತ್ತರಾ ಹೇಳಬೇಕಂದ್ರ ನಾನು 200 ವರ್ಷ ಹಿಂದಕ್ಕ, ಬಳ್ಳಾರಿ ಜಿಲ್ಲಾಕ್ಕ ಹೋಗಬೇಕಾಗ್ತದ. ಆಗಿನ ಮಕ್ಕಳು ಓದು-ಬರಹ ಹೆಂಗ ಕಲೀತಿದ್ರು ಅನ್ನೂದನ್ನ ಅಲ್ಲಿಯ ಕಲೆಕ್ಟರ್ ಒಬ್ಬ ವಿವರವಾಗಿ ಬರದಿಟ್ಟಾನ.

1822ರಾಗ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ನಿಮ್ಮ ಜಿಲ್ಲಾದಾಗ ಎಷ್ಟು ಸಾಲಿ ಅವ, ಎಷ್ಟು ಮಕ್ಕಳು ಬರ್ತಾರ ಅಂತ ಎಲ್ಲಾ ಕಲೆಕ್ಟರಿಗೂ ಕೇಳಿದ. ಬಳ್ಳಾರಿಯ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಾಗ ಲೆಕ್ಕಾ ಕೊಟ್ಟ: 533 ಸಾಲಿ, 6,641 ಮಕ್ಕಳು. ಅದರಾಗ ಕನ್ನಡ ಸಾಲಿ 235, ತೆಲುಗು ಸಾಲಿ 226.

ಕೂಸಿಗೆ ಐದು ವರ್ಷ ತುಂಬಿದ್ರ ಮಾಸ್ತರನ್ನೂ ಸಾಲಿ ಹುಡುಗರನ್ನೂ ಮನಿಗೇ ಕರೀತಿದ್ರಂತ. ಗಣಪತಿ ಮುಂದ ಕೂಡ್ರಿಸಿ, ಬೆರಳ ಹಿಡದು, ಅಕ್ಕಿಯೊಳಗ ದೇವರ ಹೆಸರ ಬರಸೂದು. ಇದನ್ನ ನಾವು ಇವತ್ತಿಗೂ ಮಾಡ್ತೇವಿ. ಮರುದಿನದಿಂದ ಮುಂಜಾನೆ ಆರಕ್ಕ ಸಾಲಿ. ಮೊದಲು ಬಂದವನ ಅಂಗೈ ಮ್ಯಾಲೆ ಸರಸ್ವತಿ ಹೆಸರು, ಎರಡನೇದವಗ ಸೊನ್ನಿ, ಮೂರನೇದವಗ ಮೆತ್ತಗ ಒಂದು ಏಟು, ನಾಕನೇದವಗ ಎರಡು, ಹಿಂಗ ಏರಕೋಂತ ಹೋಗೂದು. ಹನ್ನೆರಡನೇದವನ ಗತಿ ನೀವೇ ಲೆಕ್ಕಾ ಹಾಕ್ರಿ!

ಕಲಿಸೂ ಕ್ರಮ ಮಾತ್ರ ನೋಡೂ ಹಂಗಿತ್ತು. ಮೊದಲ ಬಾಯಿಪಾಠ ಅಲ್ಲ, ಬೆರಳು. ನೆಲದ ಮ್ಯಾಲೆ ಉಸುಕು ಹರವಿ ಅಕ್ಷರ ತಿದ್ದೂದು. ಕೈ ಪಳಗಿದ ಮ್ಯಾಲೆ ಹಲಗಿ ಇಲ್ಲಾ ಕಡತ. ಹಲಗಿ ಅಂದ್ರ ಮೂರಡಿ ಉದ್ದದ ಮರದ್ದು, ಅದಕ್ಕ ಅನ್ನಾ-ಇದ್ದಿಲಪುಡಿ ಸವರಿದ್ರ ಬರೀಲಿಕ್ಕೆ ತಯಾರು. ಕಡತ ಅಂದ್ರ ಗಂಜಿ ಹಾಕಿದ ಅರಬಿ, ಪುಸ್ತಕದಂಗ ಮಡಚಿ ಇದ್ದಿಲು-ಅಂಟು ಬಳದದ್ದು. ಬಳಪದಿಂದ ಬರೀಬೇಕು, ಒದ್ದಿ ಅರಬಿಯಿಂದ ಒರಸಬೇಕು. ಇವತ್ತು ಕಚೇರ್‍ಯಾಗ ಫೈಲಿಗೆ ಕಡತ ಅಂತೇವಲ್ಲ, ಆ ಶಬ್ದ ಇದೇ. ಅಕ್ಷರ ಪಕ್ಕಾ ಆದಮ್ಯಾಲೆ ಕಾಗುಣಿತ, ಆಮ್ಯಾಲೆ ಮನಷ್ಯಾರ ಹೆಸರು, ಊರಿನ ಹೆಸರು, ಪ್ರಾಣಿ ಹೆಸರು. ದೊಡ್ಡ ಹುಡುಗರು ಸಣ್ಣವರಿಗೆ ಕಲಸ್ತಿದ್ರು. ಹುಡುಗ ವಯಸ್ಸಿನ ಮ್ಯಾಲೆ ಅಲ್ಲ, ತಾನು ಎಷ್ಟು ಕಲ್ತಾನ ಅನ್ನೂದರ ಮ್ಯಾಲೆ ಮುಂದಿನ ಗುಂಪಿಗೆ ಹೋಗ್ತಿದ್ದ.

ಈ ಕೊನೀ ಮಾತು ನನಗ ಭಾಳ ಮುಖ್ಯ ಅನಸ್ತದ. ಇಂಗ್ಲೀಷಿನಾಗ ಅಕ್ಷರ 26. ಕನ್ನಡದಾಗ 34 ವ್ಯಂಜನಕ್ಕ ಸ್ವರ ಕೂಡಿಸಿದ್ರನ ನಾಕುನೂರರ ಮ್ಯಾಲೆ ರೂಪ ಆಗ್ತಾವ, ಒತ್ತಕ್ಷರ ಬ್ಯಾರೇನ. ಸೊನಾಲಿ ನಾಗ್ ಅನ್ನೋ ಸಂಶೋಧಕಿ ಕರ್ನಾಟಕದ ಸಾಲಿ ಮಕ್ಕಳನ್ನ ಅಭ್ಯಾಸ ಮಾಡಿ 2007ರಾಗ ಬರದಾರ: ಕನ್ನಡದ ಅಕ್ಷರ ಕಲಿಯೂದು ಒಂದು ವರ್ಷದ ಕೆಲಸ ಅಲ್ಲ, ಮೂರನೇತ್ತಾ, ನಾಕನೇತ್ತಾದಾಗೂ ಅದು ನಡದಿರ್ತದ. ಕೂಸಿಗೆ 'ಕ' ಮೊದಲ ಹಿಡೀತದ, 'ಕಿ', 'ಕೂ' ಆಮ್ಯಾಲೆ, 'ಕ್ಷ', 'ಸ್ತ್ರ' ಎಲ್ಲಾದಕಿಂತ ಕಡೀಕ. ಅಂದಮ್ಯಾಲೆ ಎರಡನೇತ್ತಾದಾಗ ಒತ್ತಕ್ಷರಕ್ಕ ಎಡವಿದ ಹುಡುಗ ದಡ್ಡ ಅಲ್ರೀ, ದಾರ್‍ಯಾಗ ಅದಾನ.

ಹಂಗಂತ ಆ ಕಾಲನ ಛಲೋ ಇತ್ತು ಅಂತ ನಾ ಹೇಳೂದಿಲ್ಲ. ಹುಡುಗರು ರಾಶಿಗಟ್ಟಲೆ ಪದ್ಯ ಒಪ್ಪಸ್ತಾರ, ಆದ್ರ ಗಿಳಿಗೆ ತಿಳಿದಷ್ಟೂ ಅದರ ಅರ್ಥ ಅವರಿಗೆ ತಿಳಿಯೂದಿಲ್ಲ ಅಂತ ಕ್ಯಾಂಪ್‌ಬೆಲ್ ತಕರಾರು ತಗದಾನ. ಪುಸ್ತಕದ ಭಾಷಾ ಒಂದು, ಮನಿಯೊಳಗಿನ ಮಾತು ಒಂದು. ಇನ್ನೊಂದು ಸತ್ಯಾನೂ ಬರದಾನ: ವಿಲಾಯತಿ ಅರಬಿ ಬಂದು ನೇಕಾರರ ಕೆಲಸ ಹೋತು, ಬಡತನ ಹೆಚ್ಚಾತು, ಕೈಕಾಲು ಗಟ್ಟಿ ಆಗೂದರೊಳಗ ಮಕ್ಕಳನ್ನ ದುಡಿಯಾಕ ಹಚ್ಚಿದ್ರು, ಮೊದಲ ಸಾಲಿ ಇದ್ದ ಎಷ್ಟೋ ಹಳ್ಳ್ಯಾಗ ಈಗ ಸಾಲೀನ ಇಲ್ಲ.

ಆ 6,641 ಮಕ್ಕಳೊಳಗ ಹೆಣ್ಣುಮಕ್ಕಳು ಎಷ್ಟು ಗೊತ್ತೇನ್ರೀ? ಬರೇ 60. ಸುಮಾರು ಒಂಬತ್ತು ಸಾಲಿಗೆ ಒಬ್ಬಾಕಿ. ಉಸುಕಿನ್ಯಾಗ ಬೆರಳ ಆಡಿಸೂ ಭಾಗ್ಯ ನಮ್ಮ ಹಿಂದಿನವರಿಗೆ ಇರಲಿಲ್ಲ. ಅವರ ಬೆರಳು ಅಂಗಳದಾಗ ರಂಗೋಲಿ ಹಾಕ್ತಿತ್ತು, ಅಕ್ಷರ ತಿದ್ದಲಿಲ್ಲ. ಇವತ್ತು ಸಂಜೀಕ ಕೂಸಿನ ಬಾಜೂಕ ಪಾಟಿ ಹಿಡಕೊಂಡು ಕೂಡಾಕಿ ತಾಯಿ, ಇಲ್ಲಾ ಅಜ್ಜಿ. ಅದಕ್ಕ ನನ್ನ ಮಾತು ಇಷ್ಟ: ಅವಸರ ಮಾಡಬ್ಯಾಡ್ರಿ, ಬಾಜೂ ಮನಿ ಹುಡುಗನ ಜೋಡಿ ಹೋಲಸಬ್ಯಾಡ್ರಿ. ಒಂದು ತಾಟಿನ್ಯಾಗ ರವಾ ಹರವಿ ತಿದ್ದಲಿಕ್ಕೆ ಬಿಡ್ರಿ. ಮನಿಯವರ ಹೆಸರು, ಊರಿನ ಹೆಸರು, ಬಸ್ಸಿನ ಬೋರ್ಡು ಓದಸ್ರಿ. ಓದಿದ ಮ್ಯಾಲೆ "ಏನ್ ಓದಿದಿ, ನಮ್ಮ ಮಾತಿನ್ಯಾಗ ಹೇಳು" ಅಂತ ಕೇಳ್ರಿ. ಹುಡುಗೂರಿಗೆ ಹೆಂಗೋ ಹಂಗ ಹುಡುಗ್ಯಾರಿಗೂ.