ಲಂಡನ್ನಿನ ಪಾಲಿಟೆಕ್ನಿಕ್ ಮಂದಿರವೂ ಅದರ ಮಾಯಾದೀಪವೂ

ಮುಚ್ಚಿಹೋದ ವಿದ್ಯಾಮಂದಿರಗಳ ಚರಿತ್ರೆಯನ್ನು ಓದುವಾಗ ಮಮತೆಯೂ ವಿಷಾದವೂ ಒಡನೊಡನೆ ಹುಟ್ಟುವುವು. ಲಂಡನ್ ನಗರದ ರೀಜೆಂಟ್ ಬೀದಿಯಲ್ಲಿ 1838ರಲ್ಲಿ ತೆರೆದು 1881ರಲ್ಲಿ ಮುಚ್ಚಿದ ರಾಯಲ್ ಪಾಲಿಟೆಕ್ನಿಕ್ ಮಂದಿರವು ಅಂತಹುದು. ವಿಜ್ಞಾನವನ್ನು ಪಂಡಿತರ ಸೊತ್ತಾಗಿ ಬಿಡದೆ ಸಾಮಾನ್ಯರ ಕಣ್ಣಿಗೆ ಕಾಣಿಸಬೇಕೆಂಬುದೇ ಅದರ ಉದ್ದೇಶವಾಗಿದ್ದಿತು. ಒಂದು ಷಿಲಿಂಗ್ ತೆತ್ತವರು ಒಳಹೊಕ್ಕು ಚಲಿಸುವ ಯಂತ್ರಗಳನ್ನು ನೋಡಬಹುದಾಗಿದ್ದಿತು. ಧೈರ್ಯವುಳ್ಳವರು ಗಂಟೆಯಾಕಾರದ ಕಬ್ಬಿಣದ ಗೂಡಿನಲ್ಲಿ ಕುಳಿತು ನೀರಿನೊಳಕ್ಕೆ ಇಳಿಯಬಹುದಾಗಿದ್ದಿತು.

ಆದರೆ ಜನರ ಮನಸ್ಸನ್ನು ಸೆಳೆದುದು ಮಾಯಾದೀಪ. ಆಮ್ಲಜನಕ ಜಲಜನಕಗಳ ಉರಿಯನ್ನು ಸುಣ್ಣದ ತುಂಡಿನ ಮೇಲೆ ಹಾಯಿಸಿದರೆ ಅದು ಕಾದು ಪ್ರಖರವಾಗಿ ಬೆಳಗುವುದು. ಆ ಬೆಳಕು, ಗಾಜಿನ ಮೇಲೆ ಕೈಯಿಂದ ಬರೆದ ವರ್ಣಚಿತ್ರವನ್ನು ಹಾದು, ಮಸೂರದ ಮೂಲಕ ತೆರೆಯ ಮೇಲೆ ಬೀಳುವುದು. ಎರಡು ಲಾಂದ್ರಗಳನ್ನು ಒಂದೇ ಎಡೆಗೆ ತಿರುಗಿಸಿಟ್ಟು, ಒಂದರ ಬೆಳಕನ್ನು ಮೆಲ್ಲನೆ ಕುಗ್ಗಿಸುತ್ತ ಮತ್ತೊಂದರದನ್ನು ಹೆಚ್ಚಿಸಿದರೆ, ಬೇಸಗೆಯ ಹೊಲವು ನೋಡುತ್ತಿರುವಂತೆಯೇ ಹಿಮದ ಬಯಲಾಗುವುದು. ಪಕ್ಕದಲ್ಲಿ ನಿಂತ ಉಪನ್ಯಾಸಕರು ವಿಷಯವನ್ನು ವಿವರಿಸುವರು.

ಅಂತಹ ಉಪನ್ಯಾಸಕರಲ್ಲಿ ಪ್ರಸಿದ್ಧರು ಜಾನ್ ಹೆನ್ರಿ ಪೆಪ್ಪರ್. 1862ರ ಡಿಸೆಂಬರ್ 24ರಂದು ಅವರು ಡಿಕನ್ಸರ ಕಥೆಯೊಂದನ್ನು ಆಧರಿಸಿ ರಂಗದ ಮೇಲೆ ಭೂತವನ್ನು ಬರಿಸಿದರು. ಉಪಾಯವು ಮೂಲತಃ ಹೆನ್ರಿ ಡರ್ಕ್ಸ್ ಎಂಬ ಇಂಜಿನಿಯರರದು. ಅದನ್ನು ಸಾಮಾನ್ಯ ರಂಗಕ್ಕೆ ಹೊಂದಿಸಿದವರು ಪೆಪ್ಪರ್. ರಂಗಕ್ಕೂ ಸಭೆಗೂ ನಡುವೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಕೆಳಗೆ ಮರೆಯಲ್ಲಿರುವ ನಟನ ಮೇಲೆ ಬೆಳಕು ಚೆಲ್ಲಿದರೆ, ಅವನ ಪ್ರತಿಬಿಂಬವು ರಂಗದ ಮೇಲೆ ನಿಂತಂತೆ ತೋರುವುದು. ಕನ್ನಡಿಯ ಈ ಸರಳ ಧರ್ಮವನ್ನು ಆಟದ ಕೊನೆಯಲ್ಲಿ ಸಭೆಗೆ ತಿಳಿಸಬೇಕೆಂದು ಪೆಪ್ಪರರು ಎಣಿಸಿದ್ದರು. ಜನರ ಬೆರಗನ್ನು ಕಂಡು ವಿವರಣೆಯನ್ನು ಮುಂದಕ್ಕೆ ಹಾಕಿದರು. ಅದರ ಹಕ್ಕನ್ನು ಕಾಯ್ದಿರಿಸಿಕೊಳ್ಳುವುದಕ್ಕೆ ಹೊರಟರು. ಭೂತಕ್ಕೆ ಪೆಪ್ಪರರ ಹೆಸರೇ ನಿಂತಿತು, ಡರ್ಕ್ಸರು ನೊಂದರು.

ಚರಿತ್ರೆಯನ್ನು ಓದುವವನು ಇಲ್ಲಿ ತುಸು ತಡೆಯಬೇಕು. ಗುಟ್ಟನ್ನು ಬಿಡಿಸಿ ಹೇಳುವುದಕ್ಕೆಂದೇ ಕಟ್ಟಿದ ಮನೆಯು ಅಂದು ಗುಟ್ಟನ್ನು ಕಾಯ್ದಿತು. ಅದನ್ನು ಬರಿಯ ದೋಷವೆನ್ನಲಾಗದು. ಆ ಭೂತವನ್ನು ನೋಡಬಂದ ಜನಸಂದಣಿಯ ಹಣವೇ ಮಂದಿರವನ್ನು ಕೆಲಕಾಲ ಪೊರೆಯಿತು. ಆದರೂ ವಿನೋದವನ್ನೇ ನಂಬಿದ ವಿದ್ಯೆಯು ಹೆಚ್ಚಿನ ವಿನೋದವು ಬೇರೆಡೆ ದೊರೆತಾಗ ನಿರಾಶ್ರಿತವಾಗುವುದು. ಹಣದ ಮುಗ್ಗಟ್ಟಿನಿಂದ ಮಂದಿರವು ಮುಚ್ಚಿತು. ಕಟ್ಟಡವನ್ನು ಕ್ವಿಂಟಿನ್ ಹಾಗ್ ಎಂಬವರು ಕೊಂಡು ತರುಣರ ಶಾಲೆಯನ್ನಾಗಿ ಮಾಡಿದರು. 1896ರ ಫೆಬ್ರವರಿಯಲ್ಲಿ ಅಲ್ಲಿಯೇ ಲೂಮಿಯೇರ್ ಸಹೋದರರ ಚಲಚ್ಚಿತ್ರವು ಲಂಡನ್ನಿನ ಜನರಿಗೆ ತೋರಿಸಲ್ಪಟ್ಟಿತು. ಇಂದು ಆ ಸ್ಥಳವು ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾನಿಲಯಕ್ಕೆ ಸೇರಿರುವುದು.

ಆ ಗಾಜಿನ ಚಿತ್ರಗಳಲ್ಲಿ ಕೆಲವು ಇಂದಿಗೂ ಸಂಗ್ರಹಗಳಲ್ಲಿ ಉಳಿದಿವೆ. ಬೆಳಕನ್ನು ಏರಿಸಿ ಇಳಿಸುತ್ತಿದ್ದ ಕೈಯ ಹದವು ಉಳಿಯಲಿಲ್ಲ; ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದ ಧ್ವನಿಯೂ ಉಳಿಯಲಿಲ್ಲ. ಹಳೆಯ ಯಂತ್ರಗಳನ್ನು ಕಾಪಾಡುವವರು ಆ ವಿವರಣೆಯನ್ನೂ ಕೂಡಿಯೇ ಕಾಪಾಡಿದರೆ, ಆರಿದ ದೀಪದಿಂದಲೂ ಮುಂದಿನವರಿಗೆ ಬೆಳಕು ದೊರೆಯುವುದು.